ದೇವರಾಜುವಿನ ಕರೀ ಮನೆ

"ಬಿಳೀ ಮನೆ ಬುಟ್ಟು ಆಚೆಗೋಗ್ದೋನು ಅದ್ಯಾವ ಸೀಮೆ ಕಲಾವಿದ ಕಣ್ಲಾ? ಕರೀ ಮನೆ ಮುಟ್ಟಕ್ಕೂ ದಮ್ಮಿರ್ಬೇಕು!" ಎಂದ ಗೆಳೆಯ ಸಿದ್ದರಾಮು.

ಪಾಂಡವಪುರದಲ್ಲಿ ಮನೆಯ ಮುಂಭಾಗದಲ್ಲೇ ಕ್ಯಾಸೆಟ್ಟು ಅಂಗಡಿ ಇಟ್ಟಿದ್ದ ದೇವರಾಜುವಿಗೆ ಉರಿದುಹೋಯಿತು. ವಾದ ಇದ್ದದ್ದು ಇಬ್ಬರು ಗಾಯಕರ ಮೇಲೆ. ಕೆ.ಆರ್. ಪೇಟೆಯ ಕಿಶನ್, ಶ್ರೀರಂಗಪಟ್ಟಣದ ಸಂತೋಷ್. ಇಬ್ಬರೂ ಕ್ಯಾಸಿಯೊ ಕೀಬೋರ್ಡು ನುಡಿಸುತ್ತ, ತಾವೇ ಕಟ್ಟಿದ ಹಾಡು ಹಾಡಿ ನಾಲ್ಕು ತಾಲ್ಲೂಕು ಕುಣಿಸುತ್ತಿದ್ದವರು. ಬೆರಳಿಟ್ಟು ಒತ್ತುವ ಪಟ್ಟಿಗಳಿಗೆ ಹಾರ್ಮೋನಿಯಂ ಕಾಲದಿಂದಲೂ 'ಮನೆ' ಎಂದೇ ಹೆಸರಲ್ಲವೇ, ಸಿದ್ದರಾಮು ಬೈದದ್ದು ಕಿಶನ್ನನ ಬೆರಳುಗಳನ್ನು. ದೇವರಾಜುವೋ ಕಿಶನ್ನನ ಭಕ್ತ.

"ಲೇ, ಎರಡು ಮನೇನೂ ಸಂಬಾಳಿಸ್ಬೇಕು ಕಣ್ಲಾ!" ಎಂದು ಕೂಗಿದ. "ಬಿಳೀ ಮನೇಲಿ ಶುರು ಮಾಡಿ, ಮೆಲ್ಲಗೆ ಕರೀ ಮನೆಗೋಗಿ ಬಂದ್ರೇನೇ ಸುಖ!"

ಗೋಡೆಯಾಚೆ ಅವರೆಕಾಯಿ ಸುಲಿಯುತ್ತಿದ್ದ ಪಕ್ಕದ ಮನೆಯ ಚಿಕ್ಕಬೋರಮ್ಮನ ಕೈ ಅಲ್ಲೇ ನಿಂತಿತು.

ಅವತ್ತೇ ಬಿಂಡಿಗನವಿಲೆಯಿಂದ ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಬರುವವರಿದ್ದರು. ಹುಡುಗಿ ಸುಮ ಒಪ್ಪಿದ್ದಳು. ಅವಳನ್ನು ನೋಡಿ ಬಂದಾಗಿನಿಂದ ದೇವರಾಜು ಭಾವಗೀತೆ ಕೇಳಿದವರಿಗೆ ಭಜನೆ ಕೊಟ್ಟು ಕಳಿಸುತ್ತಿದ್ದ. ಅವಳಪ್ಪ ನಂಜಪ್ಪನವರು ಮನೆ ನೋಡಿ ಹೂಂ ಅನ್ನುವುದೊಂದೇ ಬಾಕಿ.

ನಂಜಪ್ಪನವರು ಬಂದರು. ಹೊಸಿಲು ದಾಟುವ ಮೊದಲೇ ಚಿಕ್ಕಬೋರಮ್ಮ ಅಡ್ಡ ನಿಂತಳು.

"ಹೆಣ್ಣೆತ್ತೋರು, ಯೋಳ್ದೆ ಇರಕಾಯ್ತದಾ ಅಣ್ಣ? ಇದೊಂದು ನೋಡ್ಕಂಡು ಒಂಟೋಗ್ಬೇಡಿ. ಈ ಅಯ್ಯಂಗೆ ಇನ್ನೊಂದು ಮನೆ ಅದೆ. ಅವ್ನ ಬಾಯಲ್ಲೇ ಕೇಳಿವ್ನಿ."

ಕಿಟಕಿಯಲ್ಲಿದ್ದ ದೇವರಾಜುವಿನ ಎದೆ ಟೇಪು ಸಿಕ್ಕಿಹಾಕಿಕೊಂಡ ಡೆಕ್ಕಿನಂತೆ ಕಿರ್ರೆಂದಿತು.

ನಂಜಪ್ಪನವರು ಕಾಫಿಯನ್ನೂ ಮುಟ್ಟದೆ ಕೇಳಿದರು: "ಏನಪ್ಪಾ, ಇನ್ನೊಂದು ಮನೆ ಅದಂತೆ? ಮುಚ್ಚಿಟ್ಟಿದ್ಯಾಕೆ?"

"ಅದು... ಅಂಗಲ್ಲ..."

"ನಿಮ್ಮವ್ವಂಗೆ ಗೊತ್ತಾ?"

ಬಾಗಿಲ ಮರೆಯಲ್ಲಿದ್ದ ತಾಯಿ ದ್ಯಾವಮ್ಮ ಬಾಯಿಗೆ ಸೆರಗು ತುರುಕಿಕೊಂಡಳು.

"ಮದ್ವೆ ಆದ್ಮೇಲೂ ಮಡಿಕಂಡಿರ್ತೀಯಾ, ಎಂಗೆ?"

"ಅಯ್ಯೋ, ಇಲ್ಲ ಯಜಮಾನ್ರೇ! ನಿಮ್ಮಾಣೆಗೂ ಇಲ್ಲ!"

ನಂಜಪ್ಪನವರ ಹುಬ್ಬು ಗಂಟಾಯಿತು. ಇನ್ನು ತಡಮಾಡಿದರೆ ಸುಮ ಕೈತಪ್ಪಿದಳೆಂದೇ ಲೆಕ್ಕ. ದೇವರಾಜು ಮುಂದಿನ ಅಂಗಡಿಗೆ ಓಡಿ, ರಿಪೇರಿಗೆ ಬಂದಿದ್ದ ಕ್ಯಾಸಿಯೊವನ್ನು ಕೂಸಿನ ಹಾಗೆ ಅವಚಿಕೊಂಡು ತಂದ.

"ನೋಡಿ, ಇದು ಬಿಳೀ ಮನೆ! ಇದು ಕರೀ ಮನೆ! ನಾನಂದಿದ್ದು ಇದ್ನೇ. ಈ ಸೂರು ಬುಟ್ರೆ ನಂಗೆ ಬ್ಯಾರೆ ಮನೇನೇ ಇಲ್ಲ, ನಮ್ಮಪ್ಪನಾಣೆ!"

"ದಿಟ ಕಣ್ರೀ," ಅಂಗಡಿಯಿಂದ ಹಿಂದೆಯೇ ಬಂದ ಸಿದ್ದರಾಮು ಸಾಕ್ಷಿ ನುಡಿದ. "ಇನ್ನೊಂದು ಮನೆ ಮಾಡೋ ಯೋಗ್ಯತೆ ಇವ್ನಿಗೆ ಎಲ್ಲದೆ?"

ನಂಜಪ್ಪನವರು ಸೋರಿದ ಗುರುತಿದ್ದ ಸೂರು ನೋಡಿದರು. ಅಂಗಡಿ ನುಂಗಿ ಉಳಿಸಿದ್ದ ಒಂದೇ ಕೋಣೆಯನ್ನು ನೋಡಿದರು. ದೀರ್ಘವಾಗಿ ಉಸಿರುಬಿಟ್ಟರು.

"ಇದು ಅಂಗಡಿಗಿರ್ಲಿ, ನನ್ ಮಗಳು ಆ ಇನ್ನೊಂದು ಮನೇಲಿ ಸಂಸಾರ ಮಾಡ್ಲಿ ಅಂದ್ಕಂಡು ಕುಸಿಯಾಗಿ ಒಳೀಕ್ ಬಂದ್ನಲ್ಲಪ್ಪಾ ನಾನು!"

ದೇವರಾಜುವಿನ ಬೆರಳು ಕರೀ ಮನೆಯ ಮೇಲೇ ಉಳಿಯಿತು. "ಅಂದ್ರೆ... ಆಗ ನಿಮ್ಗೆ ಬೇಜಾರಾಗಿರ್ನಿಲ್ವಾ?"

"ಈಗಾಯ್ತು ಬುಡಪ್ಪ."

ಹೊರಗೆ ನಾಗಮಂಗಲದ ಬಸ್ಸು ಹಾರ್ನ್ ಹೊಡೆಯಿತು. ನಂಜಪ್ಪನವರು ಪಂಚೆ ಎತ್ತಿ ಕಟ್ಟಿ ಓಡಿದರು.