ರಂಗರಾಣಿಯ ಕನ್ನಡಿ

"ಇನ್ನು ಮೇಲೆ ಈ ಮನೆಯಿಂದ ಹಳೆಯದು ಅಂತ ಒಂದು ಕಡ್ಡಿಯೂ ಆಚೆ ಹೋಗಕೂಡದು! ಹೋದರೆ ಪಾರ್ಸೆಲ್ಲಾಗಿಯೇ ಹೋಗಬೇಕು!"

ಊಟದ ಮೇಜಿನ ಮುಂದೆ ಎದ್ದು ನಿಂತು ಯಜಮಾನರು ಹೀಗೆಂದು ಘೋಷಿಸಿದರು. ಪರದೆ ಬಟ್ಟೆಯ ಅಂಗಡಿಯ ಕೆಲಸವನ್ನು ಅವರು ಬಿಟ್ಟು ಆಗಲೇ ಕೆಲವು ತಿಂಗಳಾಗಿತ್ತು. ಅವರು ಬಿಟ್ಟರೋ ಅಂಗಡಿಯೇ ಅವರನ್ನು ಬಿಟ್ಟಿತೋ ಎಂಬ ಬಗ್ಗೆ ಮನೆಯಲ್ಲಿ ಎರಡು ಅಭಿಪ್ರಾಯಗಳಿದ್ದವು. ಇರಲಿ. ಅಂದಿನಿಂದ ಮನೆಗಷ್ಟೇ ಯಜಮಾನರಾಗಿದ್ದವರು ಅಂಗಡಿಗೂ ಯಜಮಾನರಾದರು! ಬಾಗಿಲು, ಬೀಗ, ಬೋರ್ಡು ಇರುವ ಅಂಗಡಿಯಲ್ಲ, ಫೋನಿನೊಳಗಿನ ಅಂಗಡಿ. ಸರಕು, ಹಳೆಯ ಕಾಲದ ಅಲಂಕಾರದ ವಸ್ತುಗಳು.

ಮಲಗುವ ಕೋಣೆ ಗೋದಾಮಾಯಿತು. ಗುಜರಿಯಿಂದ ಬಂದ, ನಿಂತುಹೋದ ಗಡಿಯಾರ, ಕಾಲಿಲ್ಲದ ಹಿತ್ತಾಳೆಯ ಕೊಕ್ಕರೆ, ಕಂಠ ಸೀಳಿದ ಹೂದಾನಿಗಳು ಹಾಸಿಗೆಯ ಅರ್ಧ ಭಾಗವನ್ನು ಆಕ್ರಮಿಸಿದವು. ಉಳಿದರ್ಧ ಯಜಮಾನರದು. ಹೆಂಡತಿ ಹಾಲಿನ ಸೋಫಾಕ್ಕೆ ವರ್ಗವಾದಳು. ಆಕೆ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಮನೆಯಲ್ಲಿ ಅದೇ ಕೆಲಸವನ್ನು ಸೂಜಿ ಇಲ್ಲದೆ ಮಾಡುತ್ತಿದ್ದಳು.

"ಇವೆಲ್ಲ ಬರೀ ಹಳೇ ಸಾಮಾನು ಅಲ್ವೇನ್ರೀ?"

"ಸಾಮಾನಲ್ಲ ಕಣೇ, ಅಸಾಮಾನ್ಯ!"

"ನಾನೂ ಅದೇ ಅಂದೆ. ಸಾಮಾನ್ಯ ಜನ ಯಾರೂ ತಗೊಳ್ಳಲ್ಲ."

ಯಾರೂ ತಗೊಳ್ಳಲೂ ಇಲ್ಲ. ಆಗ ಯಜಮಾನರಿಗೆ ಜ್ಞಾನೋದಯವಾಯಿತು: ಜನ ಕೊಳ್ಳುವುದು ವಸ್ತುವನ್ನಲ್ಲ, ಅದರ ಚರಿತ್ರೆಯನ್ನು! ಕೂಡಲೇ ಗಡಿಯಾರಕ್ಕೊಬ್ಬ ನ್ಯಾಯಾಧೀಶ ಹುಟ್ಟಿಕೊಂಡ. ಕೊಕ್ಕರೆಗೊಬ್ಬಳು ವಿಧವೆ ಜಮೀನ್ದಾರಿಣಿ ಗಂಟುಬಿದ್ದಳು. ಎರಡೂ ಹೋದವು! ಉಬ್ಬಿಹೋದ ಯಜಮಾನರು ಮುಂದಿನ ಸರಕಿಗಾಗಿ ಬೀರುವಿನ ಹಿಂದಕ್ಕೆ ಕೈ ಹಾಕಿ, ಚಾದರದಲ್ಲಿ ಸುತ್ತಿದ್ದ ಒಂದು ಕನ್ನಡಿಯನ್ನು ಎಳೆದರು. ಮೊಟ್ಟೆಯಾಕಾರದ್ದು, ಸುತ್ತ ಮರದ ಬಳ್ಳಿಯ ಕೆತ್ತನೆ.

ಹೆಂಡತಿ ಬಾಗಿಲಲ್ಲೇ ನಿಂತಳು. "ಅದು ಅತ್ತೆಯ ಕನ್ನಡಿ. ಒಡೆದುಹೋಯ್ತು ಅಂದಿದ್ರಿ."

"ಅಂದಿದ್ದೆ."

"ಅತ್ತಿಗೆ ಅಷ್ಟು ಸಲ ಫೋನ್ ಮಾಡಿ ಅದೊಂದೇ ಕೇಳಿದ್ರು. ಬೇರೆ ಏನೂ ಕೇಳಲಿಲ್ಲ ಅವರು."

"ಕೊಡ್ತೀನಿ ಅಂದ್ರೆ ಮನೆಗೆ ಬರ್ತಿದ್ಲು. ಬಂದ್ರೆ ಬೀರು ತೆಗೆಸ್ತಿದ್ಲು, ಅಮ್ಮನದು ಇನ್ನೇನೇನಿದೆ ಅಂತ ಲೆಕ್ಕ ಶುರುವಾಗ್ತಿತ್ತು. ಒಡೆದುಹೋಯ್ತು ಅಂದೆ, ಮಾತು ಮುಗೀತು. ವ್ಯವಹಾರ ನಿನಗೆ ತಿಳಿಯಲ್ಲ."

ಅಮ್ಮ ಹಾಸಿಗೆ ಹಿಡಿದಾಗ ನೋಡಿಕೊಂಡವಳು ಈ ಅತ್ತಿಗೆಯೇ, ಯಜಮಾನರ ಅಕ್ಕ. ಅಮ್ಮ ಎರಡು ಸೀರೆಯ ಚೀಲ ಹಿಡಿದು ಮಗಳ ಮನೆಗೆ ಹೋದವರು ಹಿಂತಿರುಗಲಿಲ್ಲ. ಕನ್ನಡಿ ಮಗನ ಮನೆಯಲ್ಲೇ ಉಳಿಯಿತು. ಅಕ್ಕ ಚಿಕ್ಕವಳಿದ್ದಾಗ ಅಮ್ಮ ಅದರ ಮುಂದೆ ಕೂರಿಸಿಕೊಂಡೇ ಜಡೆ ಹಾಕುತ್ತಿದ್ದದ್ದು. ಈ ಚರಿತ್ರೆಯನ್ನು ಬರೆದರೆ ಯಾರು ಕೊಂಡಾರು? ಹೀಗಾಗಿ ಯಜಮಾನರು ಬೇರೆ ಬರೆದರು: "ರಂಗರಾಣಿಯ ಕನ್ನಡಿ! ಪ್ರಸಿದ್ಧ ನಟಿಯೊಬ್ಬರು ಪ್ರತಿ ಪ್ರದರ್ಶನಕ್ಕೂ ಮುನ್ನ ಇದರಲ್ಲಿ ಮುಖ ನೋಡಿಕೊಳ್ಳುತ್ತಿದ್ದರು!"

ಮಾರನೆಯ ದಿನವೇ ಗಿರಾಕಿಯೊಬ್ಬರ ಸಂದೇಶ ಬಂತು. ಹೆಸರಿನ ಜಾಗದಲ್ಲಿ ಒಂದು ಹೂವಿನ ಚಿತ್ರವಷ್ಟೇ ಇತ್ತು.

"ಈ ನಟಿ ಕೊನೆಗಾಲದಲ್ಲಿ ಹೇಗಿದ್ದರು?"

ಯಜಮಾನರು ಅಂಗಿಯ ತೋಳು ಮಡಚಿದರು. "ಸುಖವಾಗಿದ್ದರು. ಯಾವುದಕ್ಕೂ ಕೊರತೆ ಇರಲಿಲ್ಲ."

"ಯಾರು ನೋಡಿಕೊಂಡರು?"

"ಅವರ ಮಗ. ಕಣ್ಣಿನ ರೆಪ್ಪೆಯಂತೆ!"

"ಹೆಣ್ಣುಮಕ್ಕಳು ಇರಲಿಲ್ಲವೇ?"

ಕತೆಯಲ್ಲಿ ಪಾತ್ರ ಹೆಚ್ಚಾದರೆ ಗಿರಾಕಿಗೆ ಗೊಂದಲ. "ಇದ್ದಂತೆ ತಿಳಿದುಬಂದಿಲ್ಲ" ಎಂದು ಬರೆದರು.

ಆಮೇಲೆ ವಿಳಾಸದ ಜೊತೆ ಪೂರ್ತಿ ಹಣವೇ ಬಂತು! ಚೌಕಾಸಿಯಿಲ್ಲ, ತಕರಾರಿಲ್ಲ! "ನೋಡಿದೆಯಾ?" ಎಂದು ಯಜಮಾನರು ಫೋನನ್ನು ಹೆಂಡತಿಯ ಮುಖಕ್ಕೆ ಹಿಡಿದರು. ಆಕೆ ಓದಿದಳು. ಮೇಲಿನಿಂದ ಕೆಳಗಿನವರೆಗೆ, ನಿಧಾನವಾಗಿ. "ತುಂಬಾ ಚೆನ್ನಾಗಿ ಬರೀತೀರಿ" ಅಂದಳು, ಅಷ್ಟೇ.

ಕೊರಿಯರ್‌ನವನು ಗಾಜು ಎಂದು ತಿಳಿದ ಕೂಡಲೇ ಕೈ ಎತ್ತಿದ. "ಒಳಗೆ ಪುಡಿಯಾದ್ರೆ ನನ್ನ ಕೇಳ್ಬಾರ್ದು ಸಾರ್." ಕೊನೆಗೆ ತಾವೇ ತಲುಪಿಸುವುದೆಂದು ಯಜಮಾನರು ಸ್ಕೂಟರ್ ಹೊರಡಿಸಿದರು. ವಿಚಿತ್ರವೆಂದರೆ, ಅಂಗಡಿಯ ಕೆಲಸಕ್ಕೆ ಬೆರಳೂ ತಾಗಿಸದ ಹೆಂಡತಿ ಅಂದು ಒಳ್ಳೆಯ ಸೀರೆ ಉಟ್ಟು, "ಹಿಂದೆ ಕೂತು ನಾನು ಹಿಡ್ಕೋತೀನಿ" ಎಂದಳು. ದಾರಿಯುದ್ದಕ್ಕೂ ಕನ್ನಡಿ ಬಿಸಿಲನ್ನು ಬಸ್ಸಿನ ಚಾಲಕರ ಕಣ್ಣಿಗೆ ಎರಚಿತು. ಒಬ್ಬ ಯಜಮಾನರ ವಂಶವನ್ನೆಲ್ಲ ನೆನೆದ. ಸಿಗ್ನಲ್ಲಿನಲ್ಲಿ ಪಕ್ಕದ ಬೈಕಿನವನು ಬಗ್ಗಿ ಕ್ರಾಪು ತೀಡಿಕೊಂಡ. ಯಜಮಾನರು ಎರಡು ಸಲ ತಪ್ಪು ಓಣಿಗೆ ತಿರುಗಿದರು. ಎರಡು ಸಲವೂ ಹಿಂದಿನಿಂದ, "ಅಲ್ಲಲ್ಲ, ಮುಂದಿಂದು" ಎಂಬ ದನಿ ಬಂತು. ಇವಳಿಗೆ ಹೇಗೆ ಗೊತ್ತು ಎಂದು ಕೇಳಲು ಅವರಿಗೆ ಹೊಳೆಯಲಿಲ್ಲ.

ಎರಡನೆಯ ಮಹಡಿ. ಗಂಟೆ ಒತ್ತಿದರು. ಬಾಗಿಲು ತೆರೆದವಳು ಅಕ್ಕ.

ಅಮ್ಮ ತೀರಿಕೊಂಡ ಮೇಲೆ ಅಕ್ಕ ಮನೆ ಬದಲಿಸಿದ್ದು ಯಜಮಾನರಿಗೆ ಗೊತ್ತಿತ್ತು. ಎಲ್ಲಿಗೆ ಎಂದು ಕೇಳಿರಲಿಲ್ಲ.

"ಬನ್ನಿ ಬನ್ನಿ. ಅಂಗಡಿಯವರಲ್ವಾ?" ಎಂದಳು ಅಕ್ಕ.

ಹುಟ್ಟಿದಾಗಿನಿಂದ 'ಲೋ' ಎಂದೇ ಕರೆಯುತ್ತಿದ್ದ ಬಾಯಿ ಅದು! ಯಜಮಾನರಿಗೆ ಕಪಾಳಕ್ಕೆ ಬಿದ್ದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಹೆಂಡತಿ ಚಪ್ಪಲಿ ಬಿಟ್ಟು ನೇರವಾಗಿ ಒಳಗೆ ಹೋಗಿ ಫ್ಯಾನು ಹಾಕಿದಳು. ಗೋಡೆಯ ಮೇಲೆ ಆರು ಸ್ವಿಚ್ಚುಗಳಿದ್ದವು. ಯಾವುದು ಎಂದು ಹುಡುಕಲೇ ಇಲ್ಲ.

ಅಕ್ಕ ಕನ್ನಡಿಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಒರೆಸಿದಳು. ನೋಡಿಕೊಂಡಳು. ಕೆನ್ನೆಯ ಪಕ್ಕದ ನರೆಗೂದಲನ್ನು ಕಿವಿಯ ಹಿಂದಕ್ಕೆ ಸರಿಸಿದಳು, ಯಾರೋ ಜಡೆ ಹಾಕಲಿ ಎಂದು ತಲೆ ಒಡ್ಡಿದವಳ ಹಾಗೆ.

ಯಜಮಾನರು ಹೊಸಿಲ ಆಚೆಯಿಂದಲೇ ಒಳಕ್ಕೆ ಬಗ್ಗಿದರು. "ಅಕ್ಕಾ... ದುಡ್ಡು ವಾಪಸ್ ಹಾಕ್ತೀನಿ. ಇಟ್ಕೋ. ನಿಂದೇ ಅದು."

"ಹಾಕ್ಬೇಡಿ. ನನ್ನ ತಮ್ಮನನ್ನ ಕೇಳಿದಾಗ ಒಡೆದುಹೋಗಿತ್ತು. ಅಂಗಡಿಯವರನ್ನ ಕೇಳಿದೆ, ಇಡಿಯಾಗಿ ಬಂತು. ನಂಗೆ ಅಂಗಡಿಯವರೇ ಸಾಕು."

"ಅಕ್ಕಾ, ಅದು... ಬರೆದದ್ದೆಲ್ಲ ಬರೀ ವ್ಯಾಪಾರಕ್ಕೆ..."

"ಅದ್ಕೇ ನಾನೂ ಏನೂ ಅನ್ನಲಿಲ್ಲ. ಮಗಳೇ ಇರಲಿಲ್ಲವಲ್ಲ, ಯಾರು ಅನ್ನಬೇಕು?"

ಅಕ್ಕ ಕನ್ನಡಿ ಎತ್ತಿಕೊಂಡು ಒಳಗೆ ಹೋದಳು. ಒಳಗಿನಿಂದ ಗೋಡೆಗೆ ಮೊಳೆ ಹೊಡೆಯುವ ಸದ್ದು ಬಂತು. ಆಮೇಲೆ ಲೋಟಗಳ ಸದ್ದು, ಇಬ್ಬರು ಹೆಂಗಸರು ಮೆಲ್ಲಗೆ ನಕ್ಕ ಸದ್ದು. ಯಜಮಾನರು ಎಡಗಾಲಿಂದ ಬಲಗಾಲಿಗೆ ಭಾರ ಬದಲಿಸುತ್ತ, ಮೆಟ್ಟಿಲಿಳಿಯುವುದೋ ಹೊಸಿಲು ದಾಟುವುದೋ ತೀರ್ಮಾನವಾಗದೆ ನಿಂತೇ ಇದ್ದರು. ಕೊನೆಗೆ ಹೆಂಡತಿ ಬಾಗಿಲಿಗೆ ಬಂದಳು. ಅವರು ಆಸೆಯಿಂದ ಚಪ್ಪಲಿಯೊಳಗಿಂದ ಒಂದು ಕಾಲು ತೆಗೆದರು.

"ಅತ್ತಿಗೆ ಕೇಳ್ತಿದ್ದಾರೆ," ಎಂದಳು ಆಕೆ, "ಅಂಗಡಿಯವರಿಗೆ ಕುಡಿಯೋಕೆ ನೀರೇನಾದ್ರೂ ಬೇಕಾ ಅಂತ."