ರೇಸಿನ ಪ್ಯಾಂಟಿನ ಸಾಕ್ಷಿ

ಹೆಂಡತಿ: ಆ ಬ್ಯಾಡ್ಜು ಹೊಲೀಬೇಡಿ ಮಾಸ್ಟ್ರೇ. ಹೊಲಿದ್ರೆ ಇನ್ನೊಂದು ವರ್ಷ ಇವ್ರ ಮೂಳೆ ಎಣಿಸ್ಕೊಂಡು ಕೂರಬೇಕು ನಾನು.

ಸವಾರ: ಹೊಲೀರಿ ಮಾಸ್ಟ್ರೇ. ಹಾಗೇ ಸೊಂಟ ಒಂದಿಂಚು ಬಿಡಿ.

ದರ್ಜಿಯ ಮೇಜಿನ ಮೇಲೆ, ಮಣ್ಣಿನ ದಿಬ್ಬಗಳ ಮೇಲೆ ಪುಟ್ಟ ಸೈಕಲ್ ಓಡಿಸುವ ಬಿಎಂಎಕ್ಸ್ ರೇಸಿನ ದಪ್ಪ ಪ್ಯಾಂಟು ಬಿದ್ದಿತ್ತು. ಪಕ್ಕದಲ್ಲಿ ತಂಡದವರು ಕಳಿಸಿದ ಅಂಗೈ ಅಗಲದ ಬಟ್ಟೆ ಬ್ಯಾಡ್ಜು. ಅದನ್ನು ಹೊಲಿಸಿ, ತೊಟ್ಟು, ಸಂಜೆಯೊಳಗೆ ಫೋಟೋ ಕಳಿಸಿದರೆ ಸವಾರ ಮುಂದಿನ ವರ್ಷವೂ ತಂಡದಲ್ಲಿರುತ್ತಾನೆ. ಇಲ್ಲದಿದ್ದರೆ ಮೂವತ್ತಾರನೆಯ ವಯಸ್ಸಿಗೆ ಅವನ ವೃತ್ತಿ ಮುಗಿಯುತ್ತದೆ. ಏಳು ತಿಂಗಳ ಹಿಂದೆ ಮೊದಲ ತಿರುವಿನಲ್ಲಿ ಬಿದ್ದು ಹೆಗಲ ಮೂಳೆ ಮುರಿದುಕೊಂಡ ದಿನದಿಂದ ಹೆಂಡತಿ ‘ಬಿಡಿ’ ಎನ್ನುತ್ತಿದ್ದಳು, ಅವನು ‘ಬಿಡಲ್ಲ’ ಎನ್ನುತ್ತಿದ್ದ.

ದರ್ಜಿ: ಒಂದು ಓಟ ಎಷ್ಟು ಹೊತ್ತಪ್ಪ ನಿಂದು?

ಸವಾರ: ಮೂವತ್ತೆಂಟು ಸೆಕೆಂಡು.

ದರ್ಜಿ: ನಿನ್ನ ಹನ್ನೊಂದು ವರ್ಷದ ಓಟಾನೆಲ್ಲ ಗಂಟು ಕಟ್ಟಿದ್ರೂ ಒಂದು ಕೋಟು ಹೊಲಿಯೋಷ್ಟು ಹೊತ್ತಾಗಲ್ಲ. ಇದಕ್ಕೆ ವೃತ್ತಿ ಅಂತ ಹೆಸರು.

ಹೆಂಡತಿ: ಅದೂ ಮಕ್ಕಳ ಸೈಕಲ್ ಮೇಲೆ. ಬೆಲ್ ಇಲ್ಲ, ಕ್ಯಾರಿಯರ್ ಇಲ್ಲ. ಒಂದು ದಿನ ಅರ್ಧ ಕಿಲೋ ಈರುಳ್ಳಿ ತಂದಿದ್ದಿಲ್ಲ ಅದರಲ್ಲಿ.

ಸವಾರ: ರೇಸ್ ಕುದುರೆ ಮೇಲೆ ಯಾರಾದ್ರೂ ಈರುಳ್ಳಿ ತರ್ತಾರಾ?

ಹೆಂಡತಿ: ಕುದುರೆ ಗೆಲ್ಲುತ್ತೆ.

ದರ್ಜಿ ಕನ್ನಡಕ ಒರೆಸಿಕೊಂಡ. ಹನ್ನೊಂದು ವರ್ಷದಿಂದ ಈ ಮನುಷ್ಯನ ಮೊಣಕಾಲಿಗೆ ತೇಪೆ ಹಾಕಿದವನು ಅವನೇ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವರನ್ನು ಬೇಕಾದಷ್ಟು ಕಂಡಿದ್ದೇನೆ, ಆದರೆ ಮಣ್ಣಿನ ದಿಬ್ಬ ಹುಡುಕಿಕೊಂಡು ಹೋಗಿ ಮೀಸೆ ಹೊರಳಿಸುವವನು ಇವನೊಬ್ಬನೇ ಎಂದು ಗೊಣಗಿದ.

ಸವಾರ: ಈ ಸಲ ತೇಪೆ ಕೆಲಸ ಇಲ್ಲ. ಈ ಪ್ಯಾಂಟು ಹೆಗಲು ವಾಸಿಯಾದ ಮೇಲೆ ತಗೊಂಡಿದ್ದು. ಐದು ತಿಂಗಳಿಂದ ದಿನಾ ಬೆಳಿಗ್ಗೆ ಎರಡು ಗಂಟೆ ಅಭ್ಯಾಸ. ಒಂದು ಸಲಾನೂ ಬಿದ್ದಿಲ್ಲ. ಮೊಣಕಾಲಲ್ಲಿ ಒಂದೆಳೆ ಕಿತ್ತಿದ್ರೆ ತೋರಿಸಿ.

ಹೆಂಡತಿ ಪ್ಯಾಂಟಿನ ಕಾಲುಗಳನ್ನು ಬೆರಳಿನಿಂದ ಸವರಿ ನೋಡಿದಳು. ಈ ಐದು ತಿಂಗಳಲ್ಲಿ ಗಂಡನ ಮೈಮೇಲೆ ಒಂದು ಗೀರೂ ಕಂಡಿರಲಿಲ್ಲ ಎಂಬುದನ್ನು, ಮನಸ್ಸಿಲ್ಲದಿದ್ದರೂ, ಒಪ್ಪಿಕೊಂಡಳು.

ಹೆಂಡತಿ: ಬೀಳದೆ ಓಡಿಸೋದು ಕಲಿತಿದ್ರೆ ಸರಿ. ಹೊಲಿದು ಕೊಡಿ, ಹಾಳಾಗ್ಲಿ.

ದರ್ಜಿ ಸೂಜಿಗೆ ದಾರ ಪೋಣಿಸಿದ. ಪ್ಯಾಂಟನ್ನು ಮಗುಚಿ ಹಾಕಿದವನು ಹಾಗೇ ನಿಂತ.

ದರ್ಜಿ: ಓಡಿಸುವಾಗ ಸೀಟಿನ ಮೇಲೆ ಎಷ್ಟು ಹೊತ್ತು ಕೂರ್ತೀಯ?

ಸವಾರ: ಕೂರೋದಾ? ಸೀಟು ಬರೀ ಹೆಸರಿಗೆ. ಓಟ ಶುರುವಾಗೋಕೆ ಮುಂದಿನ ಗೇಟು ಬಿದ್ದಾಗಿಂದ ಕೊನೇ ಗೆರೆ ದಾಟೋವರೆಗೂ ಪೆಡಲ್ ಮೇಲೆ ನಿಂತೇ ಇರಬೇಕು. ಕೂತವನು ಸೋತ.

ದರ್ಜಿ: ಅಭ್ಯಾಸದಲ್ಲಿ?

ಸವಾರ: ಅಭ್ಯಾಸದಲ್ಲೂ ಅಷ್ಟೇ.

ದರ್ಜಿ ತಂತಿಗೆ ತೂಗುಹಾಕಿದ ದೀಪವನ್ನು ಕೆಳಗೆಳೆದ. ಮೊಣಕಾಲು ನಿನ್ನೆ ಅಂಗಡಿಯಿಂದ ತಂದಂತಿತ್ತು. ಕೂರುವ ಜಾಗ ಮಾತ್ರ ಎರಡೂ ಕಡೆ ಸವೆದು ಜರಡಿಯಾಗಿತ್ತು. ಎಳೆಗಳ ನಡುವೆ ಬೂದು ಪುಡಿ. ಅವನು ಅದನ್ನು ಉಗುರಿನಿಂದ ಕೆರೆದು ತೋರಿಸಿದ.

ದರ್ಜಿ: ಇದು ಸಿಮೆಂಟು. ಪ್ರೇಕ್ಷಕರು ಕೂರೋ ಮೆಟ್ಟಿಲಾ?

ಸವಾರ ಗೋಡೆಯ ಮೇಲಿನ ಅಳತೆಪಟ್ಟಿಯನ್ನೇ ನೋಡುತ್ತಿದ್ದ.

ಸವಾರ: ಮೂರನೇ ಮೆಟ್ಟಿಲು. ಗೇಟಿನ ತನಕ ಸೈಕಲ್ ತಳ್ಕೊಂಡು ಹೋಗ್ತೀನಿ. ಗೇಟು ಬೀಳೋ ಸದ್ದು ಕೇಳಿದ್ರೆ ಸೈಕಲ್ ಹತ್ತೋಕೆ ಭಯ ಆಗುತ್ತೆ. ವಾಪಸ್ ಬಂದು ಕೂತ್ಕೋತೀನಿ.

ಹೆಂಡತಿ: ಹಾಗಾದ್ರೆ ಇಷ್ಟು ದಿನ ನಾನು ಬಿಡಿ ಬಿಡಿ ಅಂತ ಗಂಟಲು ಹರ್ಕೊಂಡಿದ್ದು ಬಿಟ್ಟು ಕೂತವರ ಹತ್ರಾನಾ?

ಸವಾರ: ನೀನು ಬಿಡಿ ಅಂದಾಗೆಲ್ಲ ಇನ್ನೂ ಓಡಿಸ್ತಿದ್ದೀನಿ ಅನ್ನಿಸ್ತಿತ್ತು.

ಸವಾರನ ಸಿಟ್ಟು ದರ್ಜಿಯ ಕಡೆ ತಿರುಗಿತು.

ಸವಾರ: ನಿಮ್ಮ ಪ್ಯಾಂಟೂ ಅಲ್ಲೇ ಸವೆದಿದೆ ಮಾಸ್ಟ್ರೇ.

ದರ್ಜಿ: ಸವೆದಿದೆ. ನಿಂತು ಹೊಲೀತೀನಿ ಅಂತ ನಾನು ಯಾರಿಗೂ ಹೇಳಿಲ್ಲ.

ಬ್ಯಾಡ್ಜನ್ನು ಮೇಜಿನ ಅಂಚಿಗೆ ಸರಿಸಿ, ಹೊಲಿಯುವುದೋ ಬೇಡವೋ ಎಂದು ಅವನು ಕೊನೆಯ ಸಲ ಕೇಳಿದ. ಸವಾರ ಅದನ್ನು ಎತ್ತಿ ಎರಡಾಗಿ ಮಡಚಿದ. ಶರಟಿನ ಜೇಬಿಗೆ ಹಾಕಿಕೊಂಡ.

ಸವಾರ: ಸೊಂಟ ಮಾತ್ರ ಬಿಡಿ. ಒಂದಿಂಚು.

ಹೆಂಡತಿ: ಎರಡು ಬಿಡಿ ಮಾಸ್ಟ್ರೇ. ಜೇಬೂ ದೊಡ್ಡದು ಮಾಡಿ. ಆ ಸೈಕಲ್ಲಿಗೆ ಕ್ಯಾರಿಯರ್ ಇಲ್ಲ, ಈರುಳ್ಳಿ ಎಲ್ಲಿಟ್ಕೊಂಡು ಬರ್ತಾರೆ?