ಕೇಶವಮೂರ್ತಿಗಳ ಉಪ್ಪಿನಕಾಯಿ ದಂಡಯಾತ್ರೆ

"ಈ ಸಲ ಸಂಕ್ರಾಂತಿ ಊಟಕ್ಕೆ ಅಂಗಡಿ ಬಾಟಲಿ ತಂದ್ರೆ ನನ್ನಾಣೆ. ಉಪ್ಪಿನಕಾಯಿ ನಮ್ಮ ಹಿತ್ತಲಿಂದ ಬರುತ್ತೆ," ಎಂದು ಕೇಶವಮೂರ್ತಿಗಳು ಕನ್ನಡ ಸಂಘದ ಊಟದ ಉಸ್ತುವಾರಿ ಹೊತ್ತಿದ್ದ ಗಿರಿಧರನಿಗೆ ಫೋನಿನಲ್ಲಿ ಘೋಷಿಸಿಬಿಟ್ಟರು. ಊಟಕ್ಕೆ ಬರುವವರು ಅರವತ್ತು ಜನ. ಇನ್ನು ಹಿಂದೆಗೆಯುವಂತಿರಲಿಲ್ಲ.

ಅದು 2007ರ ಜನವರಿ. ಚಳಿಯೆಂದರೆ ಏನೆಂದು ಮರೆತೇಹೋಗಿದ್ದ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ, ಬೆಳಗಾಗುವಷ್ಟರಲ್ಲಿ ಗಿಡಗಳೆಲ್ಲ ಹಿಮಕ್ಕೆ ಸುಟ್ಟುಹೋಗುತ್ತವೆಂದು ಟಿವಿಯವರು ಹೇಳಿದರು. ಕೇಶವಮೂರ್ತಿಗಳು ಮಂಕಿ ಕ್ಯಾಪ್ ಏರಿಸಿ ಹಿತ್ತಲಿನ ಮೇಲೆ ದಂಡೆತ್ತಿದರು. ಕಾಯಿ ಟೊಮೆಟೊ, ಹಸಿಮೆಣಸಿನಕಾಯಿ, ಬೆರಳುದ್ದದ ಕ್ಯಾರೆಟ್, ಎಲ್ಲವೂ ಸೆರೆಯಾದವು. ತೊಳೆದು ಹೆಚ್ಚಿದ್ದಾಯಿತು. ಉಳಿದ ಶತ್ರು ಒಂದೇ, ನೀರಿನ ಪಸೆ. ಅದಿದ್ದರೆ ಉಪ್ಪಿನಕಾಯಿ ಬೂಸ್ಟು ಹಿಡಿಯುತ್ತದೆ, ಜೊತೆಗೆ ಮಾನವೂ ಹೋಗುತ್ತದೆ. ಒಣಗಿಸೋಣವೆಂದರೆ ಬಿಸಿಲಿಲ್ಲ.

ಓವನ್ ಇತ್ತಲ್ಲ! ಮೊದಲು ಕಾಯಲಿ, ಆಮೇಲೆ ಹೋಳು ಇಡೋಣವೆಂದು ಗುಂಡಿ ಒತ್ತಿದರು. ಹತ್ತು ನಿಮಿಷದಲ್ಲಿ ಅಡುಗೆಮನೆಯಲ್ಲಿ ಹೊಗೆ ತುಂಬಿ ಅಲಾರಾಂ ಕಿರುಚಿಕೊಂಡಿತು. ಹೆಂಡತಿ ಕುಮುದಾ ಮಹಡಿಯಿಂದ ಓಡಿಬಂದಳು.

"ಏನ್ರೀ ಸುಡ್ತಿದೀರಾ?"

"ಏನೂ ಇಲ್ಲ ಕಣೆ. ಖಾಲಿ ಓವನ್ ಬಿಸಿ ಮಾಡ್ತಿದೀನಿ."

"ಖಾಲಿನಾ? ನಮ್ಮನೆ ಓವನ್ ಯಾವತ್ರೀ ಖಾಲಿ ಇತ್ತು?"

ನಿಜವೇ. ಆ ಮನೆಯಲ್ಲಿ ಓವನ್ ಎಂದರೆ ಬಾಗಿಲಿರುವ ಅಟ್ಟ. ದೀಪಾವಳಿಯಿಂದೀಚೆಗೆ ಯಾರ್‍ಯಾರೋ ತಿಂಡಿ ಕಳಿಸಿದ್ದ ಪ್ಲಾಸ್ಟಿಕ್ ಡಬ್ಬಿಗಳನ್ನೆಲ್ಲ, ಎಳ್ಳುಬೆಲ್ಲ ತುಂಬಿ ಹಿಂತಿರುಗಿಸಬೇಕೆಂದು ಕುಮುದಾ ಅಲ್ಲಿ ಜೋಡಿಸಿಟ್ಟಿದ್ದಳು. ಈಗ ಅವು ಕಂಬಿಗಳಿಂದ ಆಲದ ಬಿಳಲಿನಂತೆ ಇಳಿಬಿದ್ದಿದ್ದವು.

"ರೇಖಾಂದು ನೀಲಿ, ನಮ್ರತಂದು ಗುಲಾಬಿ. ಎರಡೂ ಸೇರಿ ಈಗ ನೇರಳೆ. ಅವರಿಗೆ ನೀವೇ ಹೇಳ್ಬೇಕು, ನಾನಂತೂ ಹೇಳಲ್ಲ."

"ಹೋಳು ಒಣಗಿಸೋಣ ಅಂತ..."

"ಪಂಚೆ ಮೇಲೆ ಹರಡಿ ಫ್ಯಾನ್ ಹಾಕೋದಲ್ವಾ?"

ಹಾಕಿದರು. ಒಣಗಿತು.

ಮುಂದಿನ ವಾರ ಊಟದ ದಿನ ಕೇಶವಮೂರ್ತಿಗಳು ಎಲ್ಲರೆದುರು ರೇಖಾ, ನಮ್ರತಾ ಇಬ್ಬರಿಗೂ ಡಬ್ಬಿಗಳ ನಿಧನವಾರ್ತೆ ತಿಳಿಸಿ, ಹೊಸ ಡಬ್ಬಿ ಕೊಟ್ಟು, ನಗೆಪಾಟಲಾಗಿ ಮೂಲೆ ಸೇರಿದರು. ಅಲ್ಲಿಂದ ಎಲ್ಲರ ತಟ್ಟೆ ಮೇಲೂ ಕಣ್ಣು. ಗಿರಿಧರ ಎರಡು ಸಲ ಉಪ್ಪಿನಕಾಯಿ ಹಾಕಿಸಿಕೊಂಡ. ಕೈ ತೊಳೆದವನೇ ಅವರನ್ನು ಪಾರ್ಕಿಂಗ್ ಕಡೆಗೆ ಕರೆದೊಯ್ದ. ಕೇಶವಮೂರ್ತಿಗಳ ಎದೆ ಉಬ್ಬಿತು.

"ಸರ್, ಒಂದು ಗುಟ್ಟು ಕೇಳ್ಬೇಕಿತ್ತು."

"ಮೆಂತ್ಯ ಹುರಿಯೋ ಹದ ತಾನೇ? ಕೇಳಪ್ಪ, ಹೇಳ್ತೀನಿ."

"ಅಲ್ಲ ಸರ್. ಓವನ್ ಕಂಬಿಗೆ ಅಂಟಿದ ಪ್ಲಾಸ್ಟಿಕ್ ಹೇಗೆ ಕೆರೆದ್ರಿ? ನಮ್ಮನೇಲಿ ಹೋದ ವರ್ಷದ್ದೇ ಇನ್ನೂ ಬಿಟ್ಟಿಲ್ಲ."

ಕೇಶವಮೂರ್ತಿಗಳು ತಿರುಗಿ ನೋಡಿದರು. ಗಿರಿಧರನ ಹಿಂದೆ ರೇಖಾಳ ಗಂಡ ಗೋಪಿನಾಥ್, ಅವರ ಹಿಂದೆ ಇನ್ನಿಬ್ಬರು ಗಂಡಂದಿರು, ತಲೆ ತಗ್ಗಿಸಿ ಸಾಲಿನಲ್ಲಿ ನಿಂತಿದ್ದರು.